ಹಳೆಯ ಫಿಯಟ್‌ನಲ್ಲಿ ಘಟ್ಟ ಇಳಿಯಬಹುದೇ? ಹೊರಡುವ ಮುನ್ನ ತೀರ್ಮಾನಿಸುವ ಬಗೆ

ನಮ್ಮ ಮನೆಯ ಕಾರಿನ ನೋಂದಣಿ ಪತ್ರದಲ್ಲಿ ‘ಪ್ರೀಮಿಯರ್ ಪದ್ಮಿನಿ’ ಎಂದಿದೆ. ಆದರೆ ಅಪ್ಪ 1989ರಲ್ಲಿ ಅದನ್ನು ಮನೆಗೆ ತಂದ ದಿನದಿಂದ ಇವತ್ತಿನವರೆಗೂ ಅದು ನಮಗೆಲ್ಲ ಫಿಯಟ್ಟೇ. ಮುಂಬಯಿಯ ಕುರ್ಲಾ ಕಾರ್ಖಾನೆಯಲ್ಲಿ 1964ರಿಂದ ತಯಾರಾಗುತ್ತಿದ್ದ ಫಿಯಟ್ 1100ಡಿಯ ವಂಶಕ್ಕೇ ಸೇರಿದ ಕಾರಾದ್ದರಿಂದ ಆ ಹೆಸರು ತಪ್ಪೇನೂ ಅಲ್ಲ. ಇಂಥ ಕಾರುಳ್ಳ ಮನೆಗಳಲ್ಲಿ ವರ್ಷಕ್ಕೊಮ್ಮೆಯಾದರೂ ಒಂದು ಚರ್ಚೆ ಏಳುತ್ತದೆ: ದೂರದೂರಿಗೆ ಇದರಲ್ಲೇ ಹೋಗೋಣವೇ, ಅಥವಾ ಇದನ್ನು ಶೆಡ್ಡಿನಲ್ಲೇ ಬಿಟ್ಟು ಬೇರೆ ಕಾರು ಹಿಡಿಯೋಣವೇ? ಕಾರು ನಿಮ್ಮದು ಅಂಬಾಸಿಡರ್ ಆಗಿರಲಿ, ಮೊದಮೊದಲ ಮಾರುತಿ 800 ಆಗಿರಲಿ, ತೀರ್ಮಾನಕ್ಕೆ ಬರುವ ಕ್ರಮ ಹೆಚ್ಚು ಬದಲಾಗುವುದಿಲ್ಲ. ಮಾತು ಗಾಳಿಯಲ್ಲಿ ಉಳಿಯದಿರಲೆಂದು ನಾನು ಬಲ್ಲ ಒಂದು ದಾರಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಶಿವಮೊಗ್ಗ, ಸಾಗರದ ಮೂಲಕ ಗೇರುಸೊಪ್ಪೆಯ ಘಟ್ಟವಿಳಿದು ಹೊನ್ನಾವರ ಸೇರುವ, ಸುಮಾರು 450 ಕಿಲೋಮೀಟರಿನ ದಾರಿ ಅದು.

ಮೊದಲು ನೋಡಬೇಕಾದದ್ದು ಕ್ಯಾಲೆಂಡರ್

ಬಹುತೇಕರು ಬಾನೆಟ್ ಎತ್ತುವುದರಿಂದ ಶುರುಮಾಡುತ್ತಾರೆ. ನನ್ನ ಸಲಹೆ ಬೇರೆ. ಆ ತುದಿಯಲ್ಲಿ ನಿಮಗಾಗಿ ನಿಗದಿಯಾದ ಹೊತ್ತೊಂದು ಕಾಯುತ್ತಿದೆಯೇ ಎಂಬುದನ್ನು ಮೊದಲು ಕೇಳಿಕೊಳ್ಳಿ. ಮದುವೆಯ ಮುಹೂರ್ತ, ಪರೀಕ್ಷೆ, ಆಸ್ಪತ್ರೆಯ ದಿನಾಂಕ, ವಾಪಸು ಬಂದ ಮರುದಿನವೇ ಹಿಡಿಯಬೇಕಾದ ವಿಮಾನ, ಇವುಗಳಲ್ಲಿ ಯಾವುದಾದರೂ ಇದ್ದರೆ ಮುಂದಿನ ಹಂತಗಳನ್ನು ಓದುವ ಅಗತ್ಯವೇ ಇಲ್ಲ, ಹಳೆಯ ಕಾರು ಬೇಡ. ಅದು ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ ಬೇಡ.

ಇದನ್ನು ನಾನು ಕಲಿತದ್ದು ಕಡೂರಿನ ಹತ್ತಿರ. ಚಿಕ್ಕಪ್ಪನ ಮಗಳ ಮದುವೆ ಹೊನ್ನಾವರದಲ್ಲಿ, ಸೋಮವಾರ ಬೆಳಿಗ್ಗೆ ಮುಹೂರ್ತ. ಭಾನುವಾರ ನಸುಕಿನಲ್ಲಿ ಹೊರಟೆವು. ಅರಸೀಕೆರೆ ದಾಟುವವರೆಗೂ ದೂರುವಂಥದ್ದೇನೂ ಇರಲಿಲ್ಲ. ಆಮೇಲೆ ಎಂಜಿನ್ ಒಂದೆರಡು ಸಲ ಮುಗ್ಗರಿಸಿತು, ಪಟ್ ಎಂದು ಸದ್ದು ಮಾಡಿತು, ನಿಂತಿತು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡೆಲ್ಕೊ (ಡಿಸ್ಟ್ರಿಬ್ಯೂಟರ್) ಮುಚ್ಚಳ ಬಿಚ್ಚಿದರೆ, ಒಳಗೆ ಕರೆಂಟನ್ನು ಕೂಡಿಸಿ ಕಡಿಯುವ ಪಾಯಿಂಟ್‌ಗಳ ತುದಿ ಕಪ್ಪಾಗಿ ಸುಟ್ಟಿದ್ದವು. ಕೆಟ್ಟದ್ದು ಆ ಪಾಯಿಂಟ್‌ಗಳು ಸುಡದಂತೆ ಕಾಯುವ ಕಂಡೆನ್ಸರ್, ಹೆಬ್ಬೆರಳಿನ ಗಾತ್ರದ, ಒಬ್ಬರ ಊಟದ ಬೆಲೆಯ ವಸ್ತು. ಭಾನುವಾರ ಮಧ್ಯಾಹ್ನ ಅದು ಎಲ್ಲಿಯೂ ಸಿಗಲಿಲ್ಲ. ಮನೆಯವರನ್ನು ಬಸ್ಸು ಹತ್ತಿಸಿ ಕಾರಿನ ಕಾವಲಿಗೆ ನಾನು ಉಳಿದೆ. ಮರುದಿನ ಶಿವಮೊಗ್ಗದಿಂದ ಕಂಡೆನ್ಸರ್ ಬರುವ ಹೊತ್ತಿಗೆ, ಗ್ಯಾರೇಜೊಂದರ ಮುಂದಿನ ಕಲ್ಲಿನ ಮೇಲೆ ಕುಳಿತು, ತಂಗಿಯ ಧಾರೆಯನ್ನು ಫೋನಿನಲ್ಲಿ ನೋಡಿ ಮುಗಿಸಿದ್ದೆ. ಕಾರಿನ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅದನ್ನು ಆ ದಿನ ಒಯ್ದ ನನ್ನ ಮೇಲೆ ಬಂತು.

ಆದ್ದರಿಂದ ಒಂದು ಲೆಕ್ಕ ಹಾಕಿಕೊಳ್ಳಿ. ಹೋಗುವಾಗ ಒಂದು ದಿನ, ಬರುವಾಗ ಒಂದು ದಿನ ದಾರಿಯಲ್ಲಿ ವ್ಯರ್ಥವಾದರೂ ಯಾರ ಕೆಲಸವೂ ಕೆಡುವುದಿಲ್ಲ ಎಂದಾದರೆ ಮಾತ್ರ ಮುಂದುವರಿಯಿರಿ.

ಕಾಗದಪತ್ರ

ಖಾಸಗಿ ಕಾರಿನ ನೋಂದಣಿಗೆ ಮೊದಲು 15 ವರ್ಷದ ಅವಧಿಯಿರುತ್ತದೆ, ಆಮೇಲೆ ಐದೈದು ವರ್ಷಕ್ಕೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಅವಧಿ ಮುಗಿದ ನೋಂದಣಿಯೊಂದಿಗೆ ರಸ್ತೆಗಿಳಿದು ಅಪಘಾತವಾದರೆ ವಿಮೆಯ ಕ್ಲೇಮಿಗೂ ತೊಡಕಾಗುತ್ತದೆ. ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿ, 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ ಇನ್ನಷ್ಟು ಏರಿದ ಮೇಲೆ ಅನೇಕರು ಇದನ್ನು ಮುಂದೂಡುತ್ತಿದ್ದಾರೆ. ಊರೊಳಗೆ ಹಾಲು ತರಲು ಓಡಿಸುವಾಗ ಯಾರೂ ಕೇಳದಿರಬಹುದು, ಆರು ಜಿಲ್ಲೆ ದಾಟುವಾಗ ಕೇಳುತ್ತಾರೆ. ಹೊಗೆ ತಪಾಸಣೆಯ ಪತ್ರ, ಎಚ್‌ಎಸ್‌ಆರ್‌ಪಿ ಎಂಬ ಅತಿ ಸುರಕ್ಷಿತ ನಂಬರ್ ಫಲಕ, ಹಣವಿರುವ ಫಾಸ್ಟ್‌ಟ್ಯಾಗ್, ಇವನ್ನೂ ಜೊತೆಗೇ ನೋಡಿಕೊಳ್ಳಿ.

ಕಾರಿಗೆ 50 ವರ್ಷ ದಾಟಿದ್ದು, ನೀವು ಅದನ್ನು 2021ರ ನಿಯಮದಂತೆ ವಿಂಟೇಜ್ ವರ್ಗದಲ್ಲಿ ನೋಂದಾಯಿಸಿದ್ದರೆ ಸಂಗತಿ ಬೇರೆ. ಆ ಫಲಕ ಹೊತ್ತ ಕಾರನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಮುಂತಾದ ಕೆಲಸಗಳಿಗೆ ಮಾತ್ರ ರಸ್ತೆಗೆ ತರಬಹುದು. ಸಂಸಾರ ಸಮೇತ ಜೋಗಕ್ಕೆ ಹೋಗುವುದು ಆ ಪಟ್ಟಿಯಲ್ಲಿ ಇಲ್ಲ.

ವಿಮೆಯ ವಿಷಯದಲ್ಲಿ ಹಳೆಯ ಕಾರಿನ ಮಾಲೀಕರು ತಮಗೆ ತಾವೇ ಮೋಸ ಮಾಡಿಕೊಳ್ಳುವುದು ಹೆಚ್ಚು. ಕೇವಲ ಥರ್ಡ್ ಪಾರ್ಟಿ ವಿಮೆ ಇದ್ದರೆ ಕಾರು ಸುಟ್ಟರೂ, ಕಳುವಾದರೂ ನಿಮಗೆ ಬರುವುದು ಸೊನ್ನೆ. ಪೂರ್ಣ ವಿಮೆ ಇದ್ದರೂ ಐದು ವರ್ಷ ದಾಟಿದ ಕಾರಿನ ಮೌಲ್ಯವೆಂದರೆ ನೀವೂ ಕಂಪನಿಯೂ ಒಪ್ಪಿ ಬರೆದುಕೊಂಡ ಮೊತ್ತ ಅಷ್ಟೇ, ಕಂತು ಕಡಿಮೆಯಾಗಲೆಂದು ಅದನ್ನು ಮೂವತ್ತು ಸಾವಿರಕ್ಕೆ ಇಳಿಸಿದ್ದರೆ ಸಿಗುವುದೂ ಆ ಮಟ್ಟದ ಹಣವೇ. ದಾರಿನೆರವಿನ ಸೇವೆ ಸೇರಿದೆಯೇ, ಸೇರಿದ್ದರೆ ಇಷ್ಟು ವಯಸ್ಸಿನ ಕಾರಿಗೆ ಅನ್ವಯಿಸುತ್ತದೆಯೇ, ಎಷ್ಟು ಕಿಲೋಮೀಟರ್‌ವರೆಗೆ ಎಳೆದೊಯ್ಯುತ್ತಾರೆ, ಇಡೀ ಕಾರನ್ನು ಹೇರಿಕೊಳ್ಳುವ ಲಾರಿ ಕಳಿಸುತ್ತಾರೆಯೇ ಅಥವಾ ಹಗ್ಗ ಕಟ್ಟಿ ಎಳೆಯುತ್ತಾರೆಯೇ ಎಂಬುದನ್ನು ಫೋನ್ ಮಾಡಿ ಕೇಳಿ, ಉತ್ತರವನ್ನು ಬರೆದಿಟ್ಟುಕೊಳ್ಳಿ. ಹಗ್ಗ ಕಟ್ಟಿದವರ ಅವಸರಕ್ಕೆ ಕ್ರೋಮ್ ಬಂಪರ್ ಸೊಟ್ಟಗಾದರೆ ಅಂಥದ್ದು ಇನ್ನೊಂದು ಸಿಗಲು ವರ್ಷ ಹಿಡಿದೀತು.

ನಂದಿಬೆಟ್ಟದ ಪರೀಕ್ಷೆ

ಕಾರು ‘ಚೆನ್ನಾಗಿದೆ’ ಎಂಬ ಮಾತಿಗೆ ದೂರದ ಪ್ರಯಾಣದಲ್ಲಿ ಬೆಲೆಯಿಲ್ಲ. ವಾರಕ್ಕೊಮ್ಮೆ ಐದು ಕಿಲೋಮೀಟರ್ ಓಡುವ ಕಾರು ತನ್ನ ರೋಗಗಳನ್ನು ತೋರಿಸಿಕೊಳ್ಳುವುದೇ ಇಲ್ಲ. ಬಿಸಿಯೇರಿ, ಬಿಸಿಯಲ್ಲೇ ಎರಡು ಗಂಟೆ ಓಡಿ, ನಿಂತು, ಮತ್ತೆ ಬಿಸಿಯಲ್ಲೇ ಸ್ಟಾರ್ಟ್ ಆಗಬೇಕಾದಾಗ ಒಂದೊಂದಾಗಿ ಹೊರಬರುತ್ತವೆ. ಆದ್ದರಿಂದ ಹೊರಡುವ ದಿನಕ್ಕೆ ಮೂರು ವಾರ ಮೊದಲು ಒಂದು ಪರೀಕ್ಷಾ ಪ್ರಯಾಣ ಮಾಡಲೇಬೇಕು.

ಬೆಂಗಳೂರಿನವರಿಗೆ ಇದಕ್ಕೆ ನಂದಿಬೆಟ್ಟಕ್ಕಿಂತ ಒಳ್ಳೆಯ ಜಾಗವಿಲ್ಲ. ಹೋಗಿಬಂದರೆ ಸುಮಾರು 120 ಕಿಲೋಮೀಟರ್, ಅದರಲ್ಲಿ ಹೆದ್ದಾರಿಯೂ ಇದೆ, ಸುಮಾರು 1,478 ಮೀಟರ್ ಎತ್ತರಕ್ಕೆ ಹತ್ತುವ ತಿರುವಿನ ದಾರಿಯೂ ಇದೆ. ವಾರದ ನಡುವಿನ ದಿನ ಹೋಗಿ, ಏಕೆಂದರೆ ಶನಿವಾರ, ಭಾನುವಾರದ ಸಾಲಿನಲ್ಲಿ ಹಾಫ್ ಕ್ಲಚ್ಚಿನ ಮೇಲೆ ನಿಂತು ಕ್ಲಚ್ ಪ್ಲೇಟ್ ಸುಟ್ಟುಕೊಂಡರೆ ಪರೀಕ್ಷೆಯೇ ಅಪಘಾತವಾಗುತ್ತದೆ. ಪ್ರಯಾಣದಲ್ಲಿ ಎಷ್ಟು ಜನರಿರುತ್ತಾರೋ ಅಷ್ಟೇ ಜನ, ಎಷ್ಟು ಸಾಮಾನಿರುತ್ತದೋ ಅಷ್ಟೇ ಭಾರ ಕಾರಿನಲ್ಲಿರಲಿ. 1,089 ಸಿಸಿಯ ಎಂಜಿನ್‌ಗೆ ಒಬ್ಬರನ್ನು ಹೊತ್ತು ಹತ್ತುವುದಕ್ಕೂ ಐವರನ್ನು ಹೊತ್ತು ಹತ್ತುವುದಕ್ಕೂ ಅಜಗಜಾಂತರ.

ಹತ್ತುವಾಗ ಉಷ್ಣತೆಯ ಮುಳ್ಳಿನ ಮೇಲೆ ಕಣ್ಣಿರಲಿ. ಮೇಲೆ ತಲುಪಿದ ಕೂಡಲೇ ಎಂಜಿನ್ ನಿಲ್ಲಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ತಣ್ಣಗಿದ್ದಾಗ ತಿರುಗುವ ಸೆಲ್ಫ್ (ಸ್ಟಾರ್ಟರ್ ಮೋಟಾರು) ಬಿಸಿಯಲ್ಲಿ ತಿರುಗಲು ಒಪ್ಪದಿದ್ದರೆ ಅದು ಇಲ್ಲಿಯೇ ಗೊತ್ತಾಗುತ್ತದೆ. ಇಳಿಯುವಾಗ ಬ್ರೇಕ್ ಒತ್ತಿದರೆ ಕಾರು ಎಡಕ್ಕೋ ಬಲಕ್ಕೋ ಎಳೆಯುತ್ತದೆಯೇ, ಪೆಡಲ್ ಬರಬರುತ್ತಾ ಕೆಳಗಿಳಿಯುತ್ತದೆಯೇ ಗಮನಿಸಿ. ವಾಪಸಾಗುವಾಗ ಕನಿಷ್ಠ ಅರ್ಧ ಗಂಟೆ ಕತ್ತಲಲ್ಲಿ, ಹೆಡ್‌ಲೈಟು, ವೈಪರು ಎರಡನ್ನೂ ಹಾಕಿಕೊಂಡು ಓಡಿಸಿ. ಆಗ ಬ್ಯಾಟರಿಯ ತುದಿಗಳಲ್ಲಿ ಅಳೆದರೆ ಆಲ್ಟರ್ನೇಟರ್ ಇರುವ ಕಾರಿನಲ್ಲಿ 13.8ರ ಆಸುಪಾಸು ವೋಲ್ಟ್ ಸಿಗಬೇಕು, 12.5ರ ಕೆಳಗಿದ್ದರೆ ನೀವು ಓಡುತ್ತಿರುವುದು ಬ್ಯಾಟರಿಯ ಉಳಿತಾಯದ ಮೇಲೆ.

ಮನೆಗೆ ಬಂದ ಮೇಲೆ ಕಾರಿನ ಕೆಳಗೆ ಹಳೆಯ ಪತ್ರಿಕೆಗಳನ್ನು ಹಾಸಿ, ಒಂದೊಂದು ಹಾಳೆಯ ಮೇಲೂ ಕಲ್ಲಿಟ್ಟು ಮಲಗಿ. ಬೆಳಿಗ್ಗೆ ಆ ಹಾಳೆಗಳು ಯಾವ ಮೆಕ್ಯಾನಿಕ್ಕಿಗಿಂತಲೂ ನೇರವಾಗಿ ಮಾತಾಡುತ್ತವೆ. ಎಂಜಿನ್ನಿನ ಕೆಳಗೆ ನಾಲ್ಕಾಣೆಯಗಲದ ಕಪ್ಪು ಕಲೆಯಿದ್ದರೆ ಹಳೆಯ ಕಾರಿಗೆ ಅದು ಕ್ಷಮ್ಯ. ಗೇರ್ ಬಾಕ್ಸಿನ ಕೆಳಗೆ ಕೆಟ್ಟ ವಾಸನೆಯ ದಪ್ಪ ಎಣ್ಣೆಯಿದ್ದರೆ ಅದರ ಮಟ್ಟ ನೋಡಿಸಬೇಕು. ಯಾವುದೇ ಚಕ್ರದ ಒಳಬದಿಯಲ್ಲಿ ತೆಳುವಾದ, ಜಾರುವ ದ್ರವ ಕಂಡರೆ ಅದು ಬ್ರೇಕ್ ಆಯಿಲ್. ಪೆಟ್ರೋಲ್ ಟ್ಯಾಂಕಿನಿಂದ ಮುಂದಕ್ಕೆ ಬರುವ ಪೈಪಿನ ಕೆಳಗಿನ ಹಾಳೆಯಲ್ಲಿ ಒಣಗಿದ ವರ್ತುಲವೊಂದು ಉಳಿದು ಮೂಗಿಗೆ ಪೆಟ್ರೋಲ್ ವಾಸನೆ ಹೊಡೆದರೆ ಕಾರನ್ನು ಸ್ಟಾರ್ಟ್ ಮಾಡಲೂ ಬೇಡಿ. ಈ ಕೊನೆಯ ಎರಡರಲ್ಲಿ ಯಾವುದು ಕಂಡರೂ, ದುರಸ್ತಿಯಾಗಿ ಮತ್ತೊಮ್ಮೆ ಬೆಟ್ಟ ಹತ್ತಿಳಿಯುವ ತನಕ, ಉತ್ತರ ‘ಬೇಡ’ ಎಂದೇ.

ಬ್ರೇಕಿನಲ್ಲಿ ರಾಜಿ ಇಲ್ಲ

ಫಿಯಟ್‌ನ ನಾಲ್ಕೂ ಚಕ್ರಗಳಲ್ಲಿರುವುದು ಡ್ರಮ್ ಬ್ರೇಕು. ಡ್ರಮ್ ಬ್ರೇಕಿನ ಬಿಸಿ ಒಳಗೇ ಉಳಿಯುತ್ತದೆ, ಘಟ್ಟದಲ್ಲಿ ಪೆಡಲ್ ಮೇಲೆ ಕಾಲಿಟ್ಟೇ ಇಳಿದರೆ ಡ್ರಮ್ಮಿಗೆ ಒತ್ತಿ ಚಕ್ರವನ್ನು ನಿಲ್ಲಿಸುವ ಪಟ್ಟಿ, ಅಂದರೆ ಲೈನರ್, ಹಿಡಿತ ಕಳೆದುಕೊಳ್ಳುತ್ತದೆ. ಇದರ ಜೊತೆ ಇನ್ನೊಂದು ಅಪಾಯವನ್ನು ಅನೇಕರು ಮರೆಯುತ್ತಾರೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ಮಾನಕವಿದೆ, ತೇವ ಹೀರಿದ ಮೇಲೆ ಅದೇ ಆಯಿಲ್‌ಗೆ ಇರುವ ಮಿತಿ 140 ಡಿಗ್ರಿ ಮಾತ್ರ. ಕುದಿದಾಗ ಪೈಪಿನೊಳಗೆ ಆವಿ ತುಂಬಿ ಪೆಡಲ್ ಸ್ಪಂಜಿನಂತೆ ಕೆಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಹಾಗಾಗಿ ಎರಡು ವರ್ಷ ದಾಟಿದ ಆಯಿಲ್ ಇದ್ದರೆ ಪೂರ್ತಿ ತೆಗೆಸಿ ಹೊಸದು ತುಂಬಿಸಿ, ಮೇಲಿಂದ ಸ್ವಲ್ಪ ಸುರಿದು ಮಟ್ಟ ಸರಿಮಾಡುವುದು ಲೆಕ್ಕಕ್ಕಿಲ್ಲ.

ನಾಲ್ಕೂ ಡ್ರಮ್ಮುಗಳನ್ನು ನಿಮ್ಮ ಕಣ್ಣೆದುರೇ ಬಿಚ್ಚಿಸಿ. ಒಮ್ಮೆ ‘ಎಲ್ಲ ಸರ್ವೀಸ್ ಆಗಿದೆ ಸಾರ್’ ಎಂದು ಬಿಲ್ಲು ಕೊಟ್ಟ ಗ್ಯಾರೇಜಿನಿಂದ ಕಾರು ತಂದು, ಅನುಮಾನಕ್ಕೆ ನಾನೇ ಹಿಂದಿನ ಎಡ ಚಕ್ರ ಬಿಚ್ಚಿದರೆ, ಆಯಿಲಿನ ಒತ್ತಡದಿಂದ ಲೈನರನ್ನು ಡ್ರಮ್ಮಿಗೆ ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಟೋಪಿಯ ಅಂಚಿನಲ್ಲಿ ಬೆವರಿನಂತೆ ಆಯಿಲ್ ಜಿನುಗಿತ್ತು, ಲೈನರಿನ ಕೆಳತುದಿ ನೆನೆದು ಕಪ್ಪಾಗಿತ್ತು. ಡ್ರಮ್ಮಿನ ಧೂಳು ಮಾತ್ರ ಒರೆಸಿದ್ದರು. ಹಳೆಯ ಕಾರುಗಳಲ್ಲಿ ಅನೇಕಕ್ಕೆ ನಾಲ್ಕು ಚಕ್ರಕ್ಕೂ ಸೇರಿ ಒಂದೇ ಬ್ರೇಕ್ ಸುತ್ತು ಇರುವುದರಿಂದ ಎಲ್ಲೋ ಒಂದು ಕಡೆ ಸೋರಿದರೆ ನಾಲ್ಕೂ ಹೋಗುತ್ತವೆ ಎಂಬುದು ನೆನಪಿರಲಿ. ವೀಲ್ ಸಿಲಿಂಡರು, ಮಾಸ್ಟರ್ ಸಿಲಿಂಡರು, ಚಕ್ರಗಳಿಗೆ ಹೋಗುವ ರಬ್ಬರ್ ಹೋಸುಗಳು, ಇವು ಯಾವಾಗ ಬದಲಾದವೆಂದು ನಿಮಗೆ ಹೇಳಲಾಗದಿದ್ದರೆ ಬದಲಾಯಿಸಿಬಿಡಿ. ಹ್ಯಾಂಡ್ ಬ್ರೇಕ್ ಏರುದಾರಿಯಲ್ಲಿ ಕಾರನ್ನು ಹಿಡಿದು ನಿಲ್ಲಿಸಬೇಕು, ಕಲ್ಲು ಕೊಡುವ ಪದ್ಧತಿ ಊರಿಗೆ ಸಾಕು, ಘಟ್ಟಕ್ಕೆ ಸಾಲದು.

ಪೆಟ್ರೋಲು ಮತ್ತು ಬಿಸಿ

ಈಗ ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಕಾರ್ಬ್ಯುರೇಟರ್ ಕಾಲದ ಕಾರುಗಳ ರಬ್ಬರ್ ಭಾಗಗಳನ್ನು ಇದಕ್ಕಾಗಿ ಮಾಡಿದ್ದಲ್ಲ. ಪೈಪುಗಳು ಮೆತ್ತಗಾಗುತ್ತವೆ ಇಲ್ಲವೇ ಬಿರಿಯುತ್ತವೆ, ಮೆಕ್ಯಾನಿಕ್ಕುಗಳು ಎಸಿ ಪಂಪ್ ಎನ್ನುವ ಪೆಟ್ರೋಲ್ ಪಂಪಿನ ಒಳಗಿನ ಪೊರೆ ಸೊರಗುತ್ತದೆ, ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತರೆ ನೀರನ್ನೂ ಹೀರಿಕೊಳ್ಳುತ್ತದೆ. ಎಥನಾಲ್‌ಗೆ ತಡೆಯುವ ಹೊಸ ಹೋಸು ಹಾಕಿಸಿ, ಪ್ರತಿ ಜೋಡಣೆಗೂ ಕ್ಲಿಪ್ ಬಿಗಿಸಿ, ಪಂಪಿನ ರಿಪೇರಿ ಕಿಟ್ ಒಂದನ್ನು ಜೊತೆಗಿಟ್ಟುಕೊಳ್ಳಿ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ. ಡ್ರೈವರಿನ ಕೈಗೆಟಕುವಂತೆ ಬೆಂಕಿ ಆರಿಸುವ ಚಿಕ್ಕ ಸಿಲಿಂಡರ್ ಇರಬೇಕು, ಅದು ಡಿಕ್ಕಿಯಲ್ಲಿ ಚೀಲಗಳ ಕೆಳಗಿದ್ದರೆ ಇದ್ದೂ ಇಲ್ಲದಂತೆ.

ಬೇಸಿಗೆಯಲ್ಲಿ ಇನ್ನೊಂದು ಕಾಟವಿದೆ. ಬಿಸಿಲಲ್ಲಿ ನಿಧಾನ ಓಡಿ ಲೆವೆಲ್ ಕ್ರಾಸಿಂಗಿನಲ್ಲಿ ನಿಂತಾಗ ಪೈಪಿನೊಳಗೇ ಪೆಟ್ರೋಲ್ ಆವಿಯಾಗಿ ಕಾರು ನಿಂತುಬಿಡುತ್ತದೆ. ಹಳಬರ ಉಪಾಯ ಈಗಲೂ ಸರಿ: ಪಂಚೆಯ ತುಂಡನ್ನು ನೀರಲ್ಲಿ ಅದ್ದಿ, ಹಿಂಡಿ, ಎಸಿ ಪಂಪಿನ ಮೇಲೆ ಸುತ್ತಿ, ಬಾನೆಟ್ ತೆರೆದು ಇಪ್ಪತ್ತು ನಿಮಿಷ ನೆರಳಲ್ಲಿ ಕಾಯುವುದು. ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಆಗ ಮುಟ್ಟಬಾರದು. ಏಪ್ರಿಲ್, ಮೇ ತಿಂಗಳಲ್ಲಿ ಹೋಗುವುದಾದರೆ ರೇಡಿಯೇಟರನ್ನು ಬಿಚ್ಚಿ ತೊಳೆಸಿರಬೇಕು, ಮುಚ್ಚಳದ ರಬ್ಬರ್ ಹೊಸದಾಗಿರಬೇಕು, ಬರಿ ನೀರಿನ ಬದಲು ಕೂಲೆಂಟ್ ಇರಬೇಕು. ಎಂಜಿನ್ನಿನ ಬಿಸಿಗೆ ತಕ್ಕಂತೆ ನೀರಿನ ಹರಿವನ್ನು ತಡೆದು ಬಿಡುವ ಥರ್ಮೋಸ್ಟಾಟನ್ನು ಯಾವುದೋ ಕಾಲದಲ್ಲಿ ಯಾರೋ ಕಿತ್ತೆಸೆದಿರುವುದು ನಮ್ಮ ಕಡೆಯ ಫಿಯಟ್‌ಗಳಲ್ಲಿ ಸಾಮಾನ್ಯ, ಅದೊಂದೇ ಕಾರಣಕ್ಕೆ ಪ್ರಯಾಣ ನಿಲ್ಲಿಸಬೇಕಿಲ್ಲ.

ಟೈರಿನಲ್ಲಿ ಗೀರುಗಳ ಆಳಕ್ಕಿಂತ ವಯಸ್ಸು ನೋಡಿ. ಪಕ್ಕದ ಗೋಡೆಯ ಮೇಲಿನ ನಾಲ್ಕಂಕಿಯಲ್ಲಿ 2319 ಎಂದಿದ್ದರೆ ಅದು 2019ರ 23ನೇ ವಾರದ ಟೈರು. ಕಡಿಮೆ ಓಡುವ ಕಾರಿನ ಟೈರು ಸವೆಯುವ ಮೊದಲೇ ಬಿರುಕು ಬಿಡುತ್ತದೆ. ಸ್ಟೆಪ್ನಿಗೂ ಇದೇ ಮಾತು.

ಜೊತೆಗೆ ಬರುವವರು

ಇದು ಯಂತ್ರದ ಪ್ರಶ್ನೆಯಲ್ಲ, ಆದರೂ ಹೆಚ್ಚು ಪ್ರಯಾಣಗಳು ಕೆಡುವುದು ಇಲ್ಲಿ. ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದ, ಎಸಿ ಇಲ್ಲದ, ತಲೆಗೆ ಆನಿಕೆಯಿಲ್ಲದ ಕಾರಿನಲ್ಲಿ ಎಂಟು ಹತ್ತು ಗಂಟೆ ಕೂರುವುದು ನಿಮಗೆ ಸುಖವಾಗಿರಬಹುದು, ಎಪ್ಪತ್ತೈದರ ಅಮ್ಮನಿಗೆ ಅದು ಶಿಕ್ಷೆ. ಚಿಕ್ಕ ಮಕ್ಕಳ ಸೀಟನ್ನು ಬಿಗಿಯಲು ಜಾಗವಿಲ್ಲದಿದ್ದರೆ ಮಕ್ಕಳನ್ನು ಅದರಲ್ಲಿ ದೂರ ಕರೆದೊಯ್ಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ‘ನಾವೆಲ್ಲ ಹಾಗೇ ಬೆಳೆದವರು’ ಎಂಬ ವಾದ ಕೇಳಿಬರುತ್ತದೆ. ಆಗ ಪಕ್ಕದಲ್ಲಿ ನೂರು ಕಿಲೋಮೀಟರ್ ವೇಗದ ಕಾರುಗಳು ಇರಲಿಲ್ಲ. ಮನೆಯವರನ್ನು ರೈಲಿನಲ್ಲಿ ಕಳಿಸಿ ನೀವೂ ಒಬ್ಬ ಗೆಳೆಯರೂ ಕಾರಿನಲ್ಲಿ ಹೋಗುವುದು ಒಳ್ಳೆಯ ಒಪ್ಪಂದ, ತಾಳಗುಪ್ಪದವರೆಗೆ ರೈಲು ಇದ್ದೇ ಇದೆ.

ದಾರಿ ಮತ್ತು ಋತು

ಫಿಯಟ್ ಸುಖವಾಗಿ ಓಡುವುದು ಗಂಟೆಗೆ 60ರಿಂದ 70 ಕಿಲೋಮೀಟರ್ ವೇಗದಲ್ಲಿ. ಆ ವೇಗದ ಕಾರಿಗೆ ಆರು ಪಥದ ಹೆದ್ದಾರಿ ಹಿತವಲ್ಲ, ಹಿಂದಿನ ಲಾರಿಯವರಿಗೆ ನೀವು ಅಡ್ಡಿ, ನಿಮಗೆ ಅವರು ಭಯ. ಹತ್ತು ಹದಿನೈದು ಕಿಲೋಮೀಟರಿಗೊಂದು ಊರು ಸಿಗುವ ದಾರಿಯನ್ನು ಆರಿಸಿ. ಕಾರು ಕೆಟ್ಟರೆ ಪಂಕ್ಚರ್ ಅಂಗಡಿ, ಬಸ್ಸು, ಚಹಾ ಎಲ್ಲವೂ ಹತ್ತಿರವಿರುತ್ತವೆ. ಅರಸೀಕೆರೆ, ಕಡೂರಿನ ದಾರಿಯನ್ನು ನಾನು ಇಷ್ಟಪಡುವುದು ಇದಕ್ಕೇ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಪ್ರಯಾಣಕ್ಕೆ ಹಳೆಯ ಕಾರು ಬೇಡ. ಮಳೆಗೆ ಶಿರಾಡಿಯಲ್ಲಿ ಗುಡ್ಡ ಜರಿಯುವುದು ಹೊಸದಲ್ಲ, 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದದ್ದನ್ನು ಯಾರೂ ಮರೆತಿಲ್ಲ. ಅದಲ್ಲದೆ ಡೆಲ್ಕೊ ಮುಚ್ಚಳಕ್ಕೆ ನೀರು ಸೇರಿದರೆ ಕಾರು ನಿಲ್ಲುತ್ತದೆ, ಘಟ್ಟದ ನಡುವೆ ಫೋನಿನ ಸಿಗ್ನಲ್ಲೂ ನಂಬುವಂತಿಲ್ಲ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಮೊದಲ ದೂರಪ್ರಯಾಣಕ್ಕೇ ಆರಿಸಿಕೊಳ್ಳುವ ಹುಮ್ಮಸ್ಸು ಬೇಡ, ಗೇರುಸೊಪ್ಪೆಯ ದಾರಿ ಅದಕ್ಕಿಂತ ಸೌಮ್ಯ. ಮೊದಲ ದಿನ ಸಾಗರದಲ್ಲಿ ಉಳಿದು ಮರುದಿನ ಬೆಳಕಿನಲ್ಲಿ ಘಟ್ಟ ಇಳಿಯಿರಿ.

ಡಿಕ್ಕಿಯಲ್ಲಿ ಇರಬೇಕಾದದ್ದು

ಫ್ಯಾನ್ ಬೆಲ್ಟ್, ಪಾಯಿಂಟ್ ಸೆಟ್, ಕಂಡೆನ್ಸರ್ ಎರಡು (ನನ್ನ ಹಾಗೆ ಕಲಿಯಬೇಡಿ), ರೋಟರ್, ಪ್ಲಗ್ಗುಗಳು, ರೇಡಿಯೇಟರ್ ಹೋಸು, ಫ್ಯೂಸು, ಬಲ್ಬು, ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲ್ ಇರುವ ಕಾರಾದರೆ ಅವು, ಐದು ಲೀಟರ್ ನೀರು, ಅರ್ಧ ಲೀಟರ್ ಬ್ರೇಕ್ ಆಯಿಲ್, ಬೈಂಡಿಂಗ್ ವೈರು, ಟಾರ್ಚು, ಪ್ರತಿಫಲಿಸುವ ತ್ರಿಕೋನ. ಇವೆಲ್ಲ ಇದ್ದೂ ಬಳಸಲು ಬರದಿದ್ದರೆ ಬರಿ ಭಾರ. ಪಾಯಿಂಟ್ ಗ್ಯಾಪ್ ಹೊಂದಿಸುವುದು, ಬೆಲ್ಟ್ ಹಾಕುವುದು, ಇವೆರಡನ್ನಾದರೂ ನಿಮ್ಮ ಮೆಕ್ಯಾನಿಕ್ಕಿನ ಬಳಿ ಒಂದು ಭಾನುವಾರ ಕುಳಿತು ಕಲಿಯಿರಿ. ತುಮಕೂರು, ಶಿವಮೊಗ್ಗ, ಸಾಗರದಂಥ ಊರುಗಳಲ್ಲಿ ಫಿಯಟ್ ಬಿಚ್ಚಿ ಬಲ್ಲ ಹಿರಿಯ ಮೆಕ್ಯಾನಿಕ್ಕುಗಳು ಯಾರಿದ್ದಾರೆಂದು ಅವರನ್ನೇ ಕೇಳಿ, ನಂಬರ್ ಬರೆದುಕೊಳ್ಳಿ. ಕಂಪ್ಯೂಟರ್ ಹಚ್ಚಿ ದೋಷ ಹುಡುಕುವುದನ್ನಷ್ಟೇ ಕಲಿತ ಹುಡುಗರಿಗೆ ಕಾರ್ಬ್ಯುರೇಟರ್ ಕೊಟ್ಟರೆ ಅವರ ತಪ್ಪಲ್ಲ, ನಿಮ್ಮದು.

ಹತ್ತು ದಿನ ಮೊದಲು

ತೀರ್ಮಾನವನ್ನು ಹೊರಡುವ ಹಿಂದಿನ ರಾತ್ರಿಗೆ ಬಿಡಬೇಡಿ, ಆ ಹೊತ್ತಿನಲ್ಲಿ ಮನಸ್ಸು ಕಾರಿನ ಪರ ವಾದಿಸುತ್ತದೆ. ಹತ್ತು ದಿನ ಮೊದಲು ಒಂದು ಸಂಜೆಯನ್ನು ಗುರುತು ಹಾಕಿಕೊಂಡು, ಅಷ್ಟರೊಳಗೆ ಬ್ರೇಕು, ಪೆಟ್ರೋಲ್ ಪೈಪು, ಟೈರು, ಕಾಗದಪತ್ರ ಈ ನಾಲ್ಕರಲ್ಲಿ ಒಂದು ಬಾಕಿಯಿದ್ದರೂ ರೈಲಿನ ಟಿಕೆಟ್ ಮಾಡಿಸಿ. ಹೊರಡುವ ವಾರದಲ್ಲಿ ದೊಡ್ಡ ದುರಸ್ತಿ ಮಾಡಿಸಬಾರದು. ಹೊಸದಾಗಿ ಕೈ ಹಾಕಿದ ಜಾಗವೇ ಮೊದಲ 200 ಕಿಲೋಮೀಟರಿನಲ್ಲಿ ಸಡಿಲವಾಗುವುದು, ಹಾಗಾಗಿ ಕೆಲಸ ಮುಗಿದ ಮೇಲೆ ಒಂದಿಷ್ಟು ಓಡಿಸಿ, ನಟ್ಟುಗಳನ್ನು ಮತ್ತೊಮ್ಮೆ ಬಿಗಿಸಿಯೇ ಹೊರಡಬೇಕು.

ಹೊರಟ ಮೇಲೂ ತೀರ್ಮಾನ ಮುಗಿದಿರುವುದಿಲ್ಲ. ಪ್ರತಿ 100 ಕಿಲೋಮೀಟರಿಗೆ ನಿಂತು ಬಾನೆಟ್ ತೆರೆದು, ಕೆಳಗೆ ಬಗ್ಗಿ ನೋಡಿ. ತಾಳಗುಪ್ಪ ದಾಟಿ ಘಟ್ಟ ಶುರುವಾಗುವ ಮುನ್ನವೇ ಸೆಕೆಂಡ್ ಗೇರಿಗೆ ಬನ್ನಿ, ಯಾವ ಗೇರಿನಲ್ಲಿ ಹತ್ತಬೇಕಾಗುತ್ತಿತ್ತೋ ಅದೇ ಗೇರಿನಲ್ಲಿ ಇಳಿಯುವುದು ಹಳೆಯ ಲಾರಿ ಚಾಲಕರ ಲೆಕ್ಕ. ಬ್ರೇಕನ್ನು ಒತ್ತಿ ಬಿಡಿ, ಒತ್ತಿಯೇ ಇರಬೇಡಿ. ಸುಟ್ಟ ವಾಸನೆ ಬಂದರೆ ಅಗಲವಾದ ಕಡೆ ನಿಲ್ಲಿಸಿ ಅರ್ಧ ಗಂಟೆ ಬಿಡಿ, ಮಂಗಗಳಿಗೆ ಬಾಳೆಹಣ್ಣು ತೋರಿಸಬೇಡಿ, ಅವುಗಳಿಗೆ ಕಿಟಕಿಯ ರಬ್ಬರೂ ಇಷ್ಟ. ಗೇರುಸೊಪ್ಪೆ ತಲುಪಿದ ಮೇಲೆ ನಾಲ್ಕೂ ಚಕ್ರಗಳ ಬಳಿ, ಮುಟ್ಟದೆ, ಅಂಗೈ ಹಿಡಿದು ನೋಡಿ. ಉಳಿದ ಮೂರಕ್ಕಿಂತ ಒಂದು ಬಹಳ ಬಿಸಿಯಿದ್ದರೆ ಆ ಚಕ್ರದ ಬ್ರೇಕ್ ಹಿಡಿದುಕೊಂಡಿದೆ. ಆರಿದ ಮೇಲೆ ನಿಧಾನವಾಗಿ ಹೊನ್ನಾವರದವರೆಗಿನ ಸುಮಾರು 30 ಕಿಲೋಮೀಟರ್ ಓಡಿಸಬಹುದು, ಆದರೆ ಮರುದಿನ ಕಡಲತೀರಕ್ಕೆ ಹೋಗುವ ಮೊದಲು ಆ ಡ್ರಮ್ ಬಿಚ್ಚಿಸಿರಬೇಕು.